ಮುಚ್ಚಿದ ಗೇಟು ಮತ್ತು ಸತ್ಯವತಿ ಮಿಸ್ಸಿನ ಟ್ಯೂಷನ್

ಸತ್ಯವತಿ ಓದಿದ ಶಾಲೆಯಲ್ಲಿ ಪ್ರಶ್ನೆ ಕೇಳುವುದು ಮೇಷ್ಟ್ರ ಕೆಲಸ, ಉತ್ತರ ಒಪ್ಪಿಸುವುದು ಮಕ್ಕಳ ಕೆಲಸ. ಕುಣಿಗಲ್ ಕಡೆಯ ಊರಿನಿಂದ ಬಂದು, ಮನೆಯಲ್ಲಿ ಮೊದಲನೆಯವರಾಗಿ ಡಿಗ್ರಿ ಮುಗಿಸಿ, ಬಸವೇಶ್ವರನಗರದ ಬಾಡಿಗೆ ಪೋರ್ಷನ್ನಿನಲ್ಲಿ ಟ್ಯೂಷನ್ ಶುರು ಮಾಡಿದಾಗ ಅವರು ಅದನ್ನು ತಿರುಗಿಸಿಬಿಟ್ಟರು. ಯಾರು ಏನೇ ಹೇಳಲಿ, ‘ನಿಮಗೆ ಹೇಗೆ ಗೊತ್ತು?’ ಎಂದು ಮಕ್ಕಳು ಕೇಳಬೇಕು. ಮಿಸ್ ಹೇಳಿದರೂ ಕೇಳಬೇಕು. ಹೀಗಾಗಿ ಒಂದು ಭಾಗಾಕಾರ ಮುಗಿಯಲು ಒಂದಿಡೀ ಸಂಜೆ ಹಿಡಿಯುತ್ತಿತ್ತು.

ಮನೆ ಓನರ್ ಮುನಿರಾಜು ಸ್ಕೂಟರಿನಿಂದ ಬೀಳುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಬಿದ್ದದ್ದು ಹಾಲಿನ ಬೂತಿನ ಮುಂದಿನ ಗುಂಡಿಯಲ್ಲಿ. ಆದರೆ ವಾಸ್ತು ನೋಡುವ ಮಹದೇವ್ ಬಂದು, ತಪ್ಪು ಗುಂಡಿಯದಲ್ಲ, ದಕ್ಷಿಣಕ್ಕಿರುವ ಗೇಟಿನದು ಎಂದರು. ಗಾರೆಯವನು ಗೇಟು ಕಿತ್ತು ಅಲ್ಲಿ ಗೋಡೆ ಎಬ್ಬಿಸಿದ. ಹೊಸ ಗೇಟು ಪೂರ್ವಕ್ಕೆ ಬರಬೇಕಿತ್ತು. ಪೂರ್ವದಲ್ಲಿ ಪಕ್ಕದವರ ಮನೆ ಇತ್ತು. ಅದಕ್ಕೊಂದು ದಾರಿ ಹೊಳೆಯುವವರೆಗೆ ಇರಲಿ ಎಂದು ಗೋಡೆಯ ಆಚೆಗೊಂದು, ಈಚೆಗೊಂದು ಏಣಿ ಒರಗಿಸಿದರು.

ಹಾಲು, ಗ್ಯಾಸ್ ಸಿಲಿಂಡರ್, ನೆಂಟರು, ಎಲ್ಲ ಏಣಿಯ ಮೇಲೇ ಬಂದರು. ಸ್ಕೂಟರ್ ಒಳಗೇ ಉಳಿಯಿತು. ಬ್ಯಾಟರಿ ಇಳಿಯಬಾರದೆಂದು ಮುನಿರಾಜು ದಿನಾ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಅದನ್ನು ಸ್ಟಾರ್ಟ್ ಮಾಡಿ, ನಿಂತಲ್ಲೇ ಸ್ವಲ್ಪ ಹೊತ್ತು ಕೂತಿದ್ದು, ಇಳಿದು ತಿಂಡಿಗೆ ಹೋಗುತ್ತಿದ್ದರು.

ಮಕ್ಕಳಿಗೆ ಏಣಿಯೆಂದರೆ ಖುಷಿಯೋ ಖುಷಿ. ತಾಯಂದಿರಿಗೆ ಎದೆ ಢವಢವ. “ಈ ತಿಂಗ್ಳು ನೋಡ್ತೀವಿ ಮಿಸ್, ಆಮೇಲೆ ಬೇರೆ ಕಡೆ ಸೇರಿಸ್ತೀವಿ” ಎಂದು ಗೋಡೆಯಾಚೆಯಿಂದಲೇ ಹೇಳಿ ಹೋದರು. ಟ್ಯೂಷನ್ ನಿಂತರೆ ಸತ್ಯವತಿಗೆ ಬೇರೆ ಗತಿ ಇರಲಿಲ್ಲ. ಓನರನ್ನು ಎದುರು ಹಾಕಿಕೊಂಡರೆ ಮನೆಯೂ ಹೋಗುತ್ತದೆ. ಎಲ್ಲರನ್ನೂ ಪ್ರಶ್ನೆ ಕೇಳಿ ಎಂದು ಮಕ್ಕಳಿಗೆ ಕಲಿಸಿದ ಮಿಸ್, ಓನರನ್ನು ಏನೂ ಕೇಳದೆ ಸುಮ್ಮನಿದ್ದರು.

ಅಷ್ಟರಲ್ಲಿ ಮುನಿರಾಜು ಏಣಿಯಿಂದಲೂ ಬಿದ್ದು ಕೈಗೆ ಬ್ಯಾಂಡೇಜ್ ಸುತ್ತಿಸಿಕೊಂಡರು. ಮಹದೇವ್ ಮತ್ತೆ ಬಂದರು. ಅವರದು ಭಾರಿ ಮೈ. ಹೊರಗಿನ ಏಣಿ ಹತ್ತುವಷ್ಟರಲ್ಲಿ ಏದುಸಿರು ಬಂದು ಗೋಡೆಯ ಮೇಲೆ ಕೂತರು. ಒಳಗಿನ ಏಣಿಯತ್ತ ಒಮ್ಮೆ ಬಗ್ಗಿ ನೋಡಿ, ಅಲ್ಲಿಂದಲೇ ಸಲಹೆ ಕೊಡಲು ಶುರು ಮಾಡಿದರು. ಕೆಳಗೆ ಅಂಗಳದಲ್ಲಿ ಮುನಿರಾಜು ನಿಂತಿದ್ದರು, ಪಕ್ಕದಲ್ಲೇ ಪಾಠ ನಡೆದಿತ್ತು.

“ಇದು ಹಳೇ ಗೇಟಿನ ದೋಷ ಮುನಿರಾಜಣ್ಣ. ಇನ್ನೂ ಪೂರ್ತಿ ಇಳಿದಿಲ್ಲ.”

ಐದನೇ ಕ್ಲಾಸಿನ ಅಮೂಲ್ಯಾ ಕೈ ಎತ್ತಿದಳು. “ಅಂಕಲ್, ನಿಮಗೆ ಹೇಗೆ ಗೊತ್ತು?”

“ಬಿದ್ರಲ್ಲಮ್ಮ, ಅದಕ್ಕೇ.”

“ಬೀಳದೇ ಇದ್ದಿದ್ರೆ?”

“ಗೇಟು ಮುಚ್ಚಿದ್ದಕ್ಕೆ ಒಳ್ಳೇದಾಯ್ತು ಅಂತ ಅರ್ಥ.”

“ಬಿದ್ರೂ ಗೇಟೇ, ಬೀಳದಿದ್ರೂ ಗೇಟೇ. ಹಂಗಾದ್ರೆ ಗೇಟಿಂದು ಏನೂ ತಪ್ಪಿಲ್ಲ ಅಂತ ಗೊತ್ತಾಗಕ್ಕೆ ಏನಾಗ್ಬೇಕು ಅಂಕಲ್?”

ಮಹದೇವ್ ಇಳಿಯಲು ಹೊರಗಿನ ಏಣಿಗೆ ಕಾಲು ಚಾಚಿದರು.

“ಹೇಳಿ ಸ್ವಾಮಿ” ಎಂದರು ಮುನಿರಾಜು. “ನಾನೂ ಕೇಳ್ಕತೀನಿ.”

“ಅದನ್ನೆಲ್ಲ ಹಂಗೆ ಹೇಳಕ್ಕಾಗಲ್ಲ. ಏಣಿ ಅಲ್ಲಾಡ್ತಾ ಇದೆ, ಯಾರಾದ್ರೂ ಹಿಡ್ಕೊಳಿ.”

ಯಾರೂ ಹಿಡಿಯಲಿಲ್ಲ. ಮುನಿರಾಜು ಸತ್ಯವತಿಯ ಕಡೆ ತಿರುಗಿದರು. “ಇದನ್ನ ನೀವು ಹೇಳ್ಕೊಟ್ಟಿದ್ದಾ ಮೇಡಂ?”

ಅಲ್ಲ ಎನ್ನಬಹುದಿತ್ತು. “ಹೂಂ, ನಾನೇ” ಎಂದರು ಸತ್ಯವತಿ.

“ಗೋಡೆ ಒಡೆಸಿ ಗೇಟು ಇಡಿಸ್ತೀನಿ. ಆದ್ರೆ ಇಂಥ ಪ್ರಶ್ನೆ ಇನ್ಮೇಲೆ ನಮ್ಮ ಮನೇಲಿ ಬೇಡ.”

“ಯಾಕೆ ಓನರ್ ತಾತ?” ಎಂದಳು ಅಮೂಲ್ಯಾ.

ಮಿಸ್ ಗದರಿಸಲಿ ಎಂದು ಮುನಿರಾಜು ಕಾದರು. “ಅವಳಿಗೆ ಉತ್ತರ ಬೇಕು ಸಾರ್” ಎಂದರು ಸತ್ಯವತಿ. “ನಂಗೂ.”

ಮುನಿರಾಜು ಮಗುವನ್ನು ನೋಡಿದರು, ಗೋಡೆ ನೋಡಿದರು, ಕೈಯ ಬ್ಯಾಂಡೇಜ್ ನೋಡಿದರು.

“ಗೊತ್ತಿಲ್ಲ ಕಣಮ್ಮ” ಎಂದರು. ಆ ಮಾತನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿರಲಿಲ್ಲ. ಹೇಳಿ ತಾವೇ ಬೆಚ್ಚಿದರು. ಆಮೇಲೆ ಗಾರೆಯವನಿಗೆ ಫೋನ್ ಹಚ್ಚಿದರು.

“ಈಗ್ಲೇ ಬಾರಪ್ಪ, ಗೋಡೆ ಒಡೀಬೇಕು. ಮೇಲೆ ಒಬ್ರು ಕೂತವ್ರೆ, ಮೊದ್ಲು ಅವ್ರನ್ನ ಇಳಿಸ್ಕೋ.”