ಕಲ್ಲುಮನೆಗಳ ಊರಿನಲ್ಲಿ ನನ್ನ ಗಂಡ ಕಾಣೆಯಾದದ್ದು

ಇಂಗ್ಲೆಂಡಿಗೆ ಹೊರಡುವ ಮೊದಲು ನಾನೊಂದು ಸುಳ್ಳು ಹೇಳಿದೆ. ನನ್ನ ಗಂಡನಿಗೆ ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷವಾಗಿತ್ತು. ಹಾವೇರಿಯ ಪ್ರವಾಸದ ಕಚೇರಿಯಲ್ಲಿ ಆರೋಗ್ಯದ ಬಗ್ಗೆ ಕೇಳಿದಾಗ, "ಅವರಿಗೇನ್ ಆಗೇತ್ರಿ, ಗಟ್ಟಿ ಅದಾರ" ಎಂದುಬಿಟ್ಟೆ. ಜೀವನವಿಡೀ ಮಕ್ಕಳಿಗೆ ಇತಿಹಾಸ ಕಲಿಸಿದ ಮನುಷ್ಯ. ಪೂರ್ತಿ ಮರೆಯುವ ಮೊದಲು ಪಾಠದಲ್ಲಿ ಹೇಳುತ್ತಿದ್ದ ಅಲ್ಲಿನ ಹಳೆಯ ಬಂಗಲೆಗಳನ್ನು ಒಮ್ಮೆ ಕಣ್ಣಾರೆ ನೋಡಲಿ ಎಂಬ ಆಸೆ ನನ್ನದು.

ನಾಲ್ಕನೆಯ ದಿನ ಬಸ್ಸು ಒಂದು ಹಳ್ಳಿಯಲ್ಲಿ ನಿಂತಿತು. ಬೆಲ್ಲದ ಬಣ್ಣದ ಕಲ್ಲುಮನೆಗಳು, ಗೋಡೆಗೆಲ್ಲ ಗುಲಾಬಿ ಬಳ್ಳಿ, ಊರಾಚೆ ಯಾವುದೋ ಜಮೀನುದಾರರ ಹಳೆಯ ದೊಡ್ಡ ಮನೆ. ಆ ಮನೆ ನೋಡುತ್ತಿದ್ದಾಗ ನಾನು ಶೌಚಾಲಯಕ್ಕೆ ಹೋಗಬೇಕಾಗಿ ಅವರನ್ನು ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಕುಂದರ್ರಿ, ಎಲ್ಲೂ ಹೋಗಬ್ಯಾಡ್ರಿ" ಎಂದೆ. ಹೊರಬಂದಾಗ ಬೆಂಚು ಖಾಲಿ.

ಕೋಣೆಯಿಂದ ಕೋಣೆಗೆ ಓಡಿದೆ. ತೋಟದ ಹಿಂದೆ ಕೆರೆಯಿತ್ತು. ಗಂಡನ ಹೆಸರು ಹಿಡಿದು ಎಂದೂ ಕರೆದವಳಲ್ಲ. ಅಂದು ಆ ನೀರಿನ ಮುಂದೆ ನಿಂತು ಹೆಸರು ಹಿಡಿದೇ ಚೀರಿದೆ.

ಪ್ರವಾಸದ ಕಚೇರಿಯ ಪರವಾಗಿ ನಮ್ಮನ್ನು ಕರೆತಂದಿದ್ದ ರಾಣೆಬೆನ್ನೂರಿನ ಹೆಂಗಸು ಓಡಿ ಬಂದಳು.

"ಖರೇ ಹೇಳ್ರಿ, ಅವರಿಗೆ ಏನರ ಐತೇನು?"

ಎಲ್ಲರೆದುರು ಹೇಳಿದೆ.

"ಮೊದಲ ಹೇಳಬಾರದೇನ್ರಿ? ಪೊಲೀಸರಿಗೆ ಏನಂತ ಹೇಳ್ಲಿ ಈಗ?"

ಅವಳು ಫೋನ್ ಮಾಡುವಷ್ಟರಲ್ಲಿ ನಾನು ಊರಿನ ಕಡೆ ಓಡಿದೆ.

ಎರಡು ತಾಸಿನ ಮೇಲೆ ಸಿಕ್ಕರು. ಆ ಊರಿನ ಬಸ್ ತಂಗುದಾಣದಲ್ಲಿ ಕೂತು ನಡುಗುತ್ತಿದ್ದರು. ಕೋಟು ಎಲ್ಲೋ ಬಿಟ್ಟಿದ್ದರು. ಪಕ್ಕದಲ್ಲಿದ್ದ ಬಿಳಿಯ ಮುದುಕಿ ತನ್ನ ಶಾಲು ಹೊದಿಸಿ, ಅವರ ಕನ್ನಡ ಮಾತಿಗೆಲ್ಲ ತಲೆಯಾಡಿಸುತ್ತಿದ್ದಳು. ನಾನು ಏದುಸಿರು ಬಿಡುತ್ತ ಎದುರು ನಿಂತೆ.

"ಗಾಬರಿ ಆಗಬ್ಯಾಡ್ರಿ ತಾಯಿ," ಎಂದರು ನನಗೆ. "ಕರ್ಜಗಿ ಬಸ್ ಇನ್ನೂ ಬಂದಿಲ್ಲ. ನೀವೂ ಅಲ್ಲಿಗೇ ಏನ್ರಿ?"

ಕರ್ಜಗಿ ಅವರು ಮೊದಲು ನೌಕರಿಗೆ ಸೇರಿದ ಊರು. ಮದುವೆಯಾದಾಗಿನಿಂದ ನನಗೆ ಒಮ್ಮೆಯೂ 'ರಿ' ಹಚ್ಚಿ ಮಾತಾಡಿದವರಲ್ಲ.

"ಹೌದ್ರಿ, ಅಲ್ಲಿಗೇ," ಎಂದು ಪಕ್ಕದಲ್ಲಿ ಕುಳಿತೆ.

ಸಂಜೆಗೆ ಗುರುತು ಬಂತು. "ನಿನ್ನ ಕಣ್ಣು ಯಾಕ ಕೆಂಪಾಗ್ಯಾವು?" ಎಂದು ಕೇಳಿದರು. ಉಳಿದ ದಿನಗಳನ್ನು ಹೋಟೆಲಿನ ಕೋಣೆಯಲ್ಲೇ ಕಳೆದೆವು. ಉಳಿದವರು ಊರೂರು ನೋಡಿ ಬಂದು ಮೊಬೈಲಿನಲ್ಲಿ ಚಿತ್ರ ತೋರಿಸುತ್ತಿದ್ದರು.

ಹಾವೇರಿಗೆ ಮರಳಿದ ಮೇಲೆ ಗುರುತು ಹಿಡಿಯುವ ದಿನಗಳು ಕಮ್ಮಿಯಾಗುತ್ತಿವೆ. ಮುಂಬಾಗಿಲಿಗೆ ಒಳಗಿನಿಂದಲೇ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತೇನೆ. ಅವರು ಬೀಗ ಅಲ್ಲಾಡಿಸುತ್ತಾರೆ.

"ಯಾಕ ಕೂಡಿ ಹಾಕೀರಿ ನನ್ನ? ನಾ ಏನ್ ತಪ್ಪು ಮಾಡೇನಿ?"

ದಿನಾ ಕೇಳುತ್ತಾರೆ. ನಾನು ಸೊಂಟದ ಕೀಲಿಯನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತೇನೆ.