ಕಣ್ಣು ಕಟ್ಟಿಕೊಂಡ ಡ್ರೈವರ್

ಆರಡಿ ಎತ್ತರದ ಲಾರಿ ಡ್ರೈವರ್ ಒಬ್ಬ ರುಮಾಲನ್ನು ಕಣ್ಣಿಗೆ ಬಿಗಿದುಕೊಂಡು, ಗೋಡೆ ತಡವುತ್ತ ನಮ್ಮ ಮನೆಯೊಳಗೆ ಓಡಾಡುತ್ತಿದ್ದ. ಅವನ ತಲೆ ತೊಲೆಗೆ ಬಡಿದಾಗ ನಾನೂ ತಂಗಿಯೂ ಬಿದ್ದು ಬಿದ್ದು ನಕ್ಕೆವು. ಇಂಥವನ ಕೈಗೆ ಸಾಮಾನು ಕೊಟ್ಟರೆ ಗತಿಯೇನು ಎಂದು ಅವ್ವ ಅಪ್ಪನ ಮುಖ ನೋಡಿದಳು.

ಖಜೂರಿಯ ಸಿದ್ರಾಮಪ್ಪನನ್ನು ನಾನು ಮೊದಲು ಕಂಡದ್ದು ಹಾಗೆ. ಎಪ್ಪತ್ತರ ದಶಕದ ಕೊನೆ. ಮಾಸ್ತರರಾಗಿದ್ದ ಅಪ್ಪನಿಗೆ ನಿಂಬರ್ಗಾದಿಂದ ಅಫಜಲಪುರಕ್ಕೆ ವರ್ಗವಾಗಿತ್ತು. ನಾವು ಆಯಿ ಎನ್ನುತ್ತಿದ್ದ ಅಜ್ಜಿ ಮಾತ್ರ ಬರಲೊಲ್ಲಳು. ಕಣ್ಣು ಹೋಗಿ ಹತ್ತು ವರ್ಷವಾಗಿದ್ದರೂ ಆ ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ತಿರುಗಾಡುತ್ತಿದ್ದವಳು ಆಕೆ.

“ಇಲ್ಲಿ ನಾ ಮನುಷ್ಯಾಳಾಗಿ ಇದ್ದೇನಿ. ಅಲ್ಲಿ ಮೂಲ್ಯಾಗಿನ ಗಂಟಾಗ್ತೇನಿ,” ಎಂದು ಹಟ ಹಿಡಿದಿದ್ದಳು.

ಸಿದ್ರಾಮಪ್ಪ ರುಮಾಲು ಬಿಚ್ಚಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಆಯಿ, ನಿಮ್ಮ ಮನಿ ಹ್ಯಾಂಗ ಐತಿ ಅಂತ ನೋಡ್ದೆ. ಅಲ್ಲಿ ಹಾಂಗೇ ಮಾಡಿ ಕೊಡ್ತೇನಿ, ಬರ್ರಿ.”

ಆಮೇಲೆ ಒಂದು ಸುತಳಿ ಹಿಡಿದು ಆಯಿ ಮಲಗುವ ಹೊರಸಿನಿಂದ ನೀರಿನ ಕೊಡಕ್ಕೆ, ಕೊಡದಿಂದ ದೇವರ ಜಗಲಿಗೆ, ಜಗಲಿಯಿಂದ ಹಿತ್ತಲ ಬಾಗಿಲಿಗೆ ಅಳೆದು ಗಂಟು ಹಾಕಿಕೊಂಡ. ಆಯಿ ಅರೆಮನಸ್ಸಿನಿಂದಲೇ ಎದ್ದಳು. ಲಾರಿಗೆ ಸಾಮಾನು ಹೇರಿದ್ದಾಯಿತು; ನಮ್ಮ ಬೆಕ್ಕು ಬುಟ್ಟಿಯೊಳಗಿಂದ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ನಮ್ಮ ನಾಯಿಯನ್ನು ಅವನು ಆಯಿಯ ಕಾಲ ಬಳಿ, ಕ್ಯಾಬಿನ್ನಿನಲ್ಲೇ ಕೂರಿಸಿದ.

“ಮಾಸ್ತರ್ರೀ, ನೀವು ಹಿಂದ ಕೂಡ್ರಿ. ನಾಯಿಗಿ ಗಾಳಿ ಆಗಿಬರಂಗಿಲ್ಲ,” ಎಂದ. ಊರಿಗೆ ಪಾಠ ಹೇಳುವ ಅಪ್ಪ ಚೀಲಗಳ ಮೇಲೆ ಹತ್ತಿ ಕೂತರು.

ಅಫಜಲಪುರದ ಮನೆಯ ಪಡಸಾಲೆ ಹಳೇ ಮನೆಯದಕ್ಕಿಂತ ನಾಲ್ಕು ಮೊಳ ಹೆಚ್ಚು ಅಗಲವಿತ್ತು. ಸಿದ್ರಾಮಪ್ಪ ಸುತಳಿ ಚಾಚಿ ನೋಡಿ, ಜೋಳದ ಚೀಲಗಳನ್ನು ಎದೆಮಟ್ಟ ಒಟ್ಟಿ ಗೋಡೆಯನ್ನೇ ಕಟ್ಟಿದ. ಅಡುಗೆಮನೆಗೆ ಹೊಸ್ತಿಲಿರಲಿಲ್ಲ, ಲಾರಿಯ ಹಲಗೆಯೊಂದನ್ನು ತಂದು ಅಲ್ಲಿ ಹಾಸಿದ. ಹೊರಸು, ಕೊಡಗಳನ್ನು ಸುತಳಿಯ ಗಂಟಿನ ಅಳತೆಗೇ ಇಟ್ಟು, ಕೊನೆಗೆ ಮತ್ತೆ ಕಣ್ಣು ಕಟ್ಟಿಕೊಂಡು ಒಂದು ಸುತ್ತು ನಡೆದ. ಈ ಸಲ ನಮಗೆ ನಗು ಬರಲಿಲ್ಲ.

“ಯಾರೂ ಆಯಿ ಕೈ ಹಿಡೀಬ್ಯಾಡ್ರಿ,” ಎಂದ.

ಆಯಿ ಹೊರಸಿನಿಂದೆದ್ದು ಚೀಲಗಳ ಮೇಲೆ ಕೈಯಾಡಿಸುತ್ತ ಹೊರಟಳು. ಹಲಗೆಯ ಹತ್ತಿರ ಕಾಲು ತಾನಾಗಿ ಮೇಲೆದ್ದಿತು. ಕೊಡಕ್ಕೆ ಕೈ ಹಾಕಿ ನೀರು ಕುಡಿದು, “ಏನಬೇ, ತಂಬಿಗಿ ತೊಳದೇ ಇಲ್ಲೇನು?” ಎಂದು ಅವ್ವನಿಗೆ ಗದರಿದಳು. ಬೈಸಿಕೊಂಡ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಓದುಬರಹ ಬಾರದ ಆ ಮನುಷ್ಯನೆದುರು ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅಷ್ಟು ದೊಡ್ಡ ಕೆಲಸ ಮಾಡಿದವರನ್ನು ನಾನು ಆಮೇಲೆಯೂ ಹೆಚ್ಚು ಕಂಡಿಲ್ಲ.

ಐದು ವರ್ಷದ ನಂತರ ಅಪ್ಪನಿಗೆ ಜೇವರ್ಗಿಗೆ ವರ್ಗವಾಯಿತು. ಅದಕ್ಕೆ ಒಂದು ವರ್ಷ ಮೊದಲೇ ಆಯಿ ತೀರಿಕೊಂಡಿದ್ದಳು. ಸಾಮಾನು ಸಾಗಿಸಲು ಬಂದವನು ಅದೇ ಸಿದ್ರಾಮಪ್ಪ. ನಾನು ಅವನನ್ನು ಕೊನೆಯದಾಗಿ ನೋಡಿದ್ದೂ ಆ ದಿನವೇ. ಜೇವರ್ಗಿಯಲ್ಲಿ ಆಯಿಯ ಹೊರಸನ್ನು ತಲೆಯ ಮೇಲೆ ಹೊತ್ತು ಒಳಗೆ ಬಂದವನು ಖಾಲಿ ಪಡಸಾಲೆಯ ನಡುವೆ ನಿಂತುಬಿಟ್ಟ. ಯಾವುದನ್ನು ಎಲ್ಲಿಡಬೇಕೆಂದು ಯಾರನ್ನೂ ಒಂದು ಮಾತು ಕೇಳದಿದ್ದವನು, ಅಪ್ಪನತ್ತ ತಿರುಗಿ ಕೇಳಿದ:

“ಮಾಸ್ತರ್ರೀ, ಇದನ್ನ ಎಲ್ಲಿ ಇಡ್ಲಿರಿ?”