ಬಾಸ್‌ಗೆ ಐದಕ್ಕೆ ಐದು

‘ನಿಮ್ಮ ಮೇಲಧಿಕಾರಿಯ ಬಗ್ಗೆ ಯಾರಾದರೂ ಕೆಟ್ಟದಾಗಿ ಮಾತಾಡಿದರೆ, ನೀವು ಅವರ ಪರವಾಗಿ ನಿಲ್ಲುತ್ತೀರಾ? ಒಂದರಿಂದ ಐದರೊಳಗೆ ಅಂಕ ಕೊಡಿ.’

ನಾನು ಐದು ಕೊಟ್ಟೆ.

‘ಅವರು ಬೇರೆ ಊರಿಗೆ ಹೋದರೆ, ನೀವೂ ಅವರ ಹಿಂದೆ ಹೋಗಲು ಬಯಸುತ್ತೀರಾ?’

ಅದಕ್ಕೂ ಐದು! ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ಆಗಷ್ಟೇ ಮನೆ ಕಟ್ಟಿಸಿ, ಹಿತ್ತಿಲಲ್ಲಿ ಬಸಳೆ ಚಪ್ಪರ ಹಾಕಿ ಕೂತವಳು ಯಾರ ಹಿಂದೆ ಎಲ್ಲಿಗೆ ಹೋಗಲಿ? ಆದರೂ ಐದು. ಹನ್ನೆರಡು ಪ್ರಶ್ನೆ, ಹನ್ನೆರಡಕ್ಕೂ ಐದು.

ಇದು ಕಳೆದ ವರ್ಷ ಜುಲೈಯಲ್ಲಿ ನಡೆದದ್ದು. ಈಗ ಯಾಕೆ ನೆನಪಾಯಿತೆಂದರೆ, ಕಳೆದ ವಾರ ಒಂದು ಮೆಸೇಜು ಬಂದಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಕೆಲಸ ಮಾಡುವುದು ಪರ್ತ್‌ನಲ್ಲಿ, ಟೈಲ್ಸ್ ಆಮದು ಮಾಡುವ ಒಂದು ಚೀನೀ ಕಂಪನಿಯಲ್ಲಿ. (ಹಂಚಿಗೆ ಹೆಸರಾದ ಮಂಗಳೂರಿನವಳು ಚೀನಾದ ಟೈಲ್ಸ್ ಮಾರುತ್ತಿದ್ದೇನೆ ಎಂದು ಊರಲ್ಲಿ ಯಾರಿಗೂ ಹೇಳಬೇಡಿ.) ಆಫೀಸಿನಲ್ಲಿ ಎಂಟು ಜನ. ನಮ್ಮೆಂಟು ಜನರ ಮೇಲಧಿಕಾರಿ ಲಿಯಾಂಗ್. ಐವತ್ತರ ಮನುಷ್ಯ, ಕೈಯಲ್ಲಿ ಸದಾ ಬಿಸಿನೀರಿನ ಫ್ಲಾಸ್ಕು. ಹೆಂಡತಿ ಚೀನಾದಲ್ಲಿ ಅತ್ತೆಮಾವನನ್ನು ನೋಡಿಕೊಳ್ಳುತ್ತಾರೆ. ಇಲ್ಲಿ ಲಿಯಾಂಗ್ ಮತ್ತು ಹನ್ನೆರಡನೇ ತರಗತಿಯ ಮಗಳು, ಇಬ್ಬರೇ.

ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಎರಡು ಸಲ ಫೇಲಾದಾಗ, ಈ ಮನುಷ್ಯ ನಾಲ್ಕು ಭಾನುವಾರ ಬೆಳಿಗ್ಗೆ ಕ್ಯಾನಿಂಗ್ಟನ್‌ನ ಶಾಪಿಂಗ್ ಸೆಂಟರಿನ ಖಾಲಿ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ರಿವರ್ಸ್ ಹಾಕುವುದನ್ನು ಕಲಿಸಿದ್ದರು. ಯಾರು ಮಾಡುತ್ತಾರೆ ಹೇಳಿ? ಅವರಲ್ಲಿ ಪದ್ಧತಿಯೇ ಹಾಗೆ. ನಿಷ್ಠೆ ಕಂಪನಿಯ ಬೋರ್ಡಿಗಲ್ಲ, ಎದುರು ಟೇಬಲ್ಲಿನಲ್ಲಿ ಕೂತವರಿಗೆ. ಅವರು ನಿಮ್ಮ ಮನೆ ಕಷ್ಟ ನೋಡುತ್ತಾರೆ, ನೀವು ಅವರ ಮಾತಿಗೆ ನಿಲ್ಲುತ್ತೀರಿ. ಅದನ್ನೂ ಅಳೆಯಬಹುದು, ಅದಕ್ಕೊಂದು ಫಾರ್ಮ್ ಇರುತ್ತದೆ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಹೆಡ್ಡಾಫೀಸಿನಿಂದ ಬಂದ ಫಾರ್ಮಿನಲ್ಲಿ ಹೆಸರು ಬರೆಯುವಂತಿರಲಿಲ್ಲ. ಎಂಟು ಜನರ ಆಫೀಸಿನಲ್ಲಿ ಹೆಸರು ಬರೆಯದಿದ್ದರೆ ಏನಂತೆ? ಕೈಬರಹ ನೋಡಿದರೆ ಸಾಕು.

ನಾನು ಐದು ಹಾಕಿದ್ದಕ್ಕೆ ಎರಡು ಕಾರಣ. ಒಂದು, ನಮ್ಮ ವಂಶದಲ್ಲೇ ಮೊದಲ ಡಿಗ್ರಿ ನನ್ನದು. ಹಗಲು ಜವಳಿ ಅಂಗಡಿ, ಸಂಜೆ ಕಾಲೇಜು. ಪ್ರಶ್ನೆಪತ್ರಿಕೆ ಕಂಡರೆ ಪೂರ್ತಿ ಅಂಕ ಎಣಿಸುವ ಚಟ ಇನ್ನೂ ಹೋಗಿಲ್ಲ. ಎರಡು, ನನ್ನಮ್ಮ ಬೀಡಿ ಕಟ್ಟುತ್ತಿದ್ದಳು. ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಚೆಕ್ಕರ್ ಅದನ್ನು ಬೆರಳಲ್ಲಿ ಒತ್ತಿ ನೋಡಿ ‘ಇದು ಆಗ್ಲಿಕ್ಕಿಲ್ಲ’ ಎಂದು ತೆಗೆದು ಎಸೆದರೂ ಅಮ್ಮ ನಗುತ್ತಿದ್ದಳು. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ಮೊದಲ ತಟ್ಟೆ ಹೋಗುತ್ತಿದ್ದುದು ಪಾದ್ರಿಗಳ ಮನೆಗಲ್ಲ, ಅವನ ಮನೆಗೆ. ಹಾಗೆ ಬೆಳೆದವಳು ಬಾಸ್‌ಗೆ ನಾಲ್ಕು ಕೊಡುತ್ತೇನೆಯೇ?

ಏಳು ಜನ ಐದರ ಮೇಲೆ ಐದು ಸುರಿದೆವು. ಉಳಿದವನು ಗ್ಯಾರಿ. ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಆಸ್ಟ್ರೇಲಿಯಾದವನು. ಸ್ಮೋಕೋ ಹೊತ್ತಿನಲ್ಲಿ (ಅಂದರೆ ಟೀ ಬ್ರೇಕು) ಪೈ ತಿನ್ನುತ್ತಾ ಎಲ್ಲದಕ್ಕೂ ಒಂದು, ಒಂದು, ಒಂದು ಎಂದು ಗೀಚಿಬಿಟ್ಟ. ಅಯ್ಯೋ, ಹೀಗೆ ಮಾಡಿದರೆ ಅವರ ಗತಿಯೇನು ಎಂದೆ.

“ಮೇಟ್, ಅವ್ನು ನನ್ ಬಾಸ್ ಕಣೆ, ನನ್ ಫುಟ್ಟಿ ಟೀಮ್ ಅಲ್ಲ” ಅಂದ. (ಫುಟ್ಟಿ ಅಂದರೆ ಇಲ್ಲಿಯ ಫುಟ್‌ಬಾಲ್.)

ಇವನಿಂದ ಲಿಯಾಂಗ್ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಅವತ್ತಿಡೀ ಮನಸ್ಸಲ್ಲೇ ಅವನನ್ನು ಬೈದುಕೊಂಡೆ.

ಕುತ್ತು ಬಂತು. ಆದರೆ ತಂದವರು ನಾವು!

ನಡೆದದ್ದಿಷ್ಟು. ಅದರ ಹಿಂದಿನ ವರ್ಷ ನಮ್ಮ ಬ್ರಿಸ್ಬೇನ್ ಬ್ರಾಂಚಿನ ಮ್ಯಾನೇಜರ್ ರಾಜೀನಾಮೆ ಕೊಟ್ಟು, ಅರ್ಧ ಆಫೀಸನ್ನು ಜೊತೆಗೇ ಕರೆದುಕೊಂಡು ಹೋಗಿ, ಎದುರು ಬೀದಿಯಲ್ಲೇ ಟೈಲ್ಸ್ ಅಂಗಡಿ ತೆರೆದಿದ್ದ. ಅವನ ಹಿಂದೆ ಹೋದವರೂ ಐದರ ಗಿರಾಕಿಗಳೇ ಇರಬೇಕು. ಹೆಡ್ಡಾಫೀಸು ಈಗ ಅಳೆಯುತ್ತಿದ್ದುದು ನಿಷ್ಠೆ ಕಡಿಮೆಯಾಯಿತೇ ಎಂದಲ್ಲ, ಹೆಚ್ಚಾಯಿತೇ ಎಂದು!

ಆಗಸ್ಟಿನಲ್ಲಿ ಎಚ್‌ಆರ್ ಮೇಡಂ ಸ್ಕ್ರೀನಿನ ಮೇಲೆ ಬಂದರು. ನಾವು ಎಂಟೂ ಜನ ಟೇಬಲ್ ಸುತ್ತ ಕೂತಿದ್ದೆವು, ತುದಿಯಲ್ಲಿ ಲಿಯಾಂಗ್. ಪರ್ತ್ ಆಫೀಸಿನ ನಿಷ್ಠೆ ಕಂಪನಿಗಿಂತ ವ್ಯಕ್ತಿಗೇ ಜಾಸ್ತಿ ಇದೆ, ಆದ್ದರಿಂದ ಲಿಯಾಂಗ್ ಎರಡು ವಾರದಲ್ಲಿ ಅಡಿಲೇಡ್‌ಗೆ ಹೋಗಬೇಕು ಎಂದರು. ಬಹಳ ಮೃದುವಾಗಿಯೇ ಹೇಳಿದರು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದೂ ಕೇಳಿದರು.

ಲಿಯಾಂಗ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ತೆರೆಯಲೂ ಇಲ್ಲ, ಕುಡಿಯಲೂ ಇಲ್ಲ. ಮಗಳ ಫೈನಲ್ ಪರೀಕ್ಷೆಗೆ ಮೂರು ತಿಂಗಳೂ ಇಲ್ಲ. ಅವಳನ್ನು ಒಬ್ಬಳೇ ಬಿಟ್ಟು ಹೋಗುವಂತಿಲ್ಲ, ಕರೆದುಕೊಂಡು ಹೋದರೆ ವರ್ಷ ಹಾಳು.

ಐದು ಕೊಟ್ಟ ನಾವು ಏಳೂ ಜನ ಏನು ಮಾಡಿದೆವು? ಟೇಬಲ್ ನೋಡಿದೆವು. ಟೇಬಲ್ ಚೆನ್ನಾಗಿತ್ತು.

“ಒಂದ್ನಿಮಿಷ, ಲವ್” ಎಂದ ಗ್ಯಾರಿ. ಚೀನಾದಲ್ಲಿ ಕೂತ ಎಚ್‌ಆರ್ ಮೇಡಂಗೆ! “ಇವ್ನ ಮಗಳಿಗೆ ನವೆಂಬರ್‌ನಲ್ಲಿ ಎಕ್ಸಾಮ್ ಇದೆ. ಅಲ್ಲೀವರೆಗೂ ಬಿಡಿ. ಟೈಲ್ಸ್ ಎಲ್ಲೂ ಓಡಿಹೋಗಲ್ಲ.”

ಮೇಡಂ ಕಾಗದ ತಿರುವಿದರು. ನಿಮ್ಮ ಫಾರ್ಮಿನಲ್ಲಿ ಎಲ್ಲದಕ್ಕೂ ಒಂದೊಂದೇ ಅಂಕ ಇದೆಯಲ್ಲ, ನಿಮಗೆ ಇವರ ಮೇಲೆ ನಿಷ್ಠೆಯೇ ಇಲ್ಲವಲ್ಲ ಎಂದರು. (ಹೆಸರಿಲ್ಲದ ಫಾರ್ಮು, ನೆನಪಿರಲಿ.)

“ನಿಷ್ಠೆ ಗಿಷ್ಠೆ ನಂಗೊತ್ತಿಲ್ಲ. ಹುಡುಗಿ ಓದ್ತಾ ಇದಾಳೆ, ಅಷ್ಟೇ.”

ಅವನು ‘ಎಕ್ಸಾಮ್’ ಎಂದಾಗಲೇ ನನ್ನೊಳಗೆ ಏನೋ ಚುರುಕ್ ಎಂದಿತ್ತು. ಜವಳಿ ಅಂಗಡಿಯ ಧಣಿ ರಜೆ ಕೊಡದೆ ನಾನು ಎರಡು ಸಲ ಪರೀಕ್ಷೆ ತಪ್ಪಿಸಿಕೊಂಡವಳು. ಮೂರು ವರ್ಷದ ಡಿಗ್ರಿಗೆ ಐದು ವರ್ಷ ಹಿಡಿಯಿತು. ಅಂಗಡಿಯಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರಾದರೂ ಧಣಿಗೆ ಒಂದು ಮಾತು ಹೇಳಿದ್ದರೆ? ನನ್ನ ಬಾಯಿಗೆ ಏನಾಗಿದೆ ಈಗ?

“ಮೇಡಂ, ನಾನೂ ಅದನ್ನೇ ಹೇಳ್ತೀನಿ” ಎಂದೆ. ಧ್ವನಿ ಬೆಕ್ಕಿನ ಮರಿಯದಾಗಿತ್ತು, ಆದರೂ ಎಂದೆ. ಒಬ್ಬೊಬ್ಬರಾಗಿ ಉಳಿದವರೂ ತಲೆಯಾಡಿಸಿದರು.

ಮೇಡಂ ನಕ್ಕುಬಿಟ್ಟರು. ನೋಡಿ, ಒಬ್ಬರಿಗಾಗಿ ಇಡೀ ಆಫೀಸು ನಿಂತಿದೆ, ನಾನು ಹೇಳಿದ್ದೂ ಇದನ್ನೇ ಎಂದರು! ನಮ್ಮ ಐದುಗಳಿಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಕೊನೆಗೆ ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಗ್ಯಾರಿಯ ಮಾತನ್ನು. ಒಂದು ಅಂಕ ಕೊಟ್ಟವನಿಗೆ ಸ್ವಾರ್ಥವಿಲ್ಲ, ಅವನು ಹೇಳುತ್ತಿರುವುದು ನಿಜವೇ ಇರಬೇಕು ಎಂದು. ಲಿಯಾಂಗ್ ಡಿಸೆಂಬರಿನವರೆಗೆ ಪರ್ತ್‌ನಲ್ಲೇ ಇರಬಹುದು ಎಂದಾಯಿತು.

ನಮ್ಮ ಸುತ್ತಲೂ ಇದೇ ಅಲ್ಲವೇ? ಬಾರ್ಬೆಕ್ಯೂ ಪಾರ್ಟಿಗಳಲ್ಲಿ ತಟ್ಟೆ ಹಿಡಿದು ‘ಏನ್ ಬೇಕಾದ್ರೂ ಹೇಳಿ, ನಾವಿದೀವಿ’ ಎನ್ನುವವರಿಗೆ ಬರವಿಲ್ಲ. ನಾವು ಮನೆ ಬದಲಿಸಿದ ದಿನ ಅವರಲ್ಲಿ ಎಷ್ಟು ಫೋನ್ ಆನ್ ಇದ್ದವು? ಸೋಫಾದ ಇನ್ನೊಂದು ತುದಿ ಹಿಡಿದವರು ಹಳೆ ಮನೆಯ ಪಕ್ಕದ ಗೊಣಗುವ ಅಂಕಲ್. ಆರು ತಿಂಗಳಲ್ಲಿ ನಮಗೆ ಸರಿಯಾಗಿ ಹಲೋ ಕೂಡ ಹೇಳದವರು. (ನಾನೂ ತಟ್ಟೆ ಹಿಡಿದು ಹಾಗೆ ಹೇಳುವವಳೇ. ಸುಳ್ಳು ಯಾಕೆ?)

ಲಿಯಾಂಗ್ ಮಗಳು ಪಾಸಾದಳು. ಪರ್ತ್‌ನಲ್ಲೇ ಎಂಜಿನಿಯರಿಂಗ್ ಸೇರಿ, ಹಾಸ್ಟೆಲಿನಲ್ಲಿದ್ದಾಳೆ. ಲಿಯಾಂಗ್ ಡಿಸೆಂಬರಿನಲ್ಲಿ ಅಡಿಲೇಡ್‌ಗೆ ಹೋದರು. ವಿದಾಯದ ದಿನ ನಾವು ಏಳು ಜನ ಕಣ್ಣೊರೆಸಿಕೊಂಡೆವು. ಗ್ಯಾರಿ ಅವರ ಪೆಟ್ಟಿಗೆಗಳನ್ನು ವ್ಯಾನಿಗೆ ಹೇರಿದ.

ಇನ್ನು ಕಳೆದ ವಾರದ ಮೆಸೇಜು. ಒಂದು ಫೋಟೋ. ಅಡಿಲೇಡ್‌ನ ಗ್ಲೆನೆಲ್ಗ್ ಕಡಲತೀರದ ಜೆಟ್ಟಿಯ ಮೇಲೆ ಫ್ಲಾಸ್ಕು ಹಿಡಿದ ಲಿಯಾಂಗ್, ಪಕ್ಕದಲ್ಲಿ ಗಾಳ ಹಿಡಿದ ಗ್ಯಾರಿ. ಕೆಳಗೆ ಎರಡು ಸಾಲು: ‘ಗ್ಯಾರಿ ರಜೆಗೆ ಇಲ್ಲಿಗೆ ಬಂದಿದ್ದಾನೆ. ಹಿಂದೆ ಬರುತ್ತೀರಾ ಎಂಬ ಪ್ರಶ್ನೆಗೆ ನೀನು ಐದು ಕೊಟ್ಟಿದ್ದೆ, ಯಾವಾಗ ಬರ್ತೀಯ?’

ಇನ್ನೂ ಉತ್ತರ ಕಳಿಸಿಲ್ಲ. ಟಿಕೆಟ್ ನೋಡುತ್ತಿದ್ದೇನೆ ಎಂದು ಬರೆಯಲೇ, ಇಲ್ಲಾ ಆ ಫಾರ್ಮ್ ಒಂದ್ಸಲ ವಾಪಸ್ ಕೊಡಿ ಎನ್ನಲೇ?